ನಾಲ್ವರು ಗೆಳತಿಯರು, ಒಂದು ಟರ್ಪಾಲು: ನಗಿಸುತ್ತಲೇ ಹೆದರಿಸುವ ಕಾದಂಬರಿ ಬರೆಯಲು

ಹೆಣಕ್ಕಿಂತ ಮೊದಲು ಗುಂಪನ್ನು ಗೊತ್ತುಮಾಡಿಕೊಳ್ಳಿ. ಕಥೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲದ ಕಡೆಯದಾದರೆ ಕುಟುಂಬಶ್ರೀ ನೆರೆಕೂಟ, ಅಂದರೆ ಅಲ್ಲಿನ ಸರಕಾರಿ ಯೋಜನೆಯ ಸ್ವಸಹಾಯ ಗುಂಪು, ಇದ್ದೇ ಇದೆ: 10ರಿಂದ 20 ಹೆಂಗಸರು, ವಾರದ ಸಭೆ, ಉಳಿತಾಯ, ಸಾಲದ ಪುಸ್ತಕ. ಅವರಲ್ಲಿ ನಾಲ್ವರು ಸಾಕು. ಠಾಣೆಗೆ ಹೊರಟವಳ ಕಾಲು ಗೇಟಿನಲ್ಲೇ ನಿಲ್ಲಬೇಕು, ಯಾಕೆಂದರೆ ಅವಳ ಸಾಲಕ್ಕೆ ಜಾಮೀನು ನಿಂತವಳೇ ಕೊಲೆ ಮಾಡಿದವಳು.

ಗುಟ್ಟನ್ನು ಸಮಪಾಲು ಮಾಡಬೇಡಿ. ದೊಡ್ಡ ಹಾಳೆಯಲ್ಲಿ ಅಡ್ಡಕ್ಕೆ ಅಧ್ಯಾಯಗಳು, ಉದ್ದಕ್ಕೆ ನಾಲ್ವರ ಹೆಸರು. ಆಯಾ ಚೌಕದಲ್ಲಿ ಆ ಹೊತ್ತಿಗೆ ಅವಳಿಗೆ ಗೊತ್ತಿರುವುದನ್ನಷ್ಟೇ ಬರೆಯಿರಿ. ಒಬ್ಬಳು ಕೊಂದವಳು, ಇಬ್ಬರು ಹೊತ್ತವರು. ನಾಲ್ಕನೆಯವಳಿಗೆ ಏನೂ ಗೊತ್ತಿಲ್ಲ. ಟರ್ಪಾಲು ಎರವಲು ಕೊಟ್ಟಿದ್ದಾಳೆ, ಹೆಣ ಸುತ್ತಿರುವುದು ಅದರಲ್ಲೇ. ಅವಳ ಅಂಗಳದಲ್ಲಿ ಅಡಿಕೆ ಹರಡಿದೆ, ಮೋಡ ಕಟ್ಟಿದೆ, ಟರ್ಪಾಲು ವಾಪಸು ಕೇಳಲು ದಿನಕ್ಕೆರಡು ಸಲ ಫೋನು ಮಾಡುತ್ತಾಳೆ. ನಗು ಇಲ್ಲಿಂದ ಬರಲಿ. ಹೆಣವನ್ನೇ ಗೇಲಿ ಮಾಡಿದರೆ ಎರಡನೇ ಸಲ ಯಾರೂ ನಗುವುದಿಲ್ಲ.

ಹೆಣವನ್ನು ಸುರಂಗದಲ್ಲಿ ಅಡಗಿಸುವ ಆಸೆ ಬಂದೇ ಬರುತ್ತದೆ. ನೀರಿಗಾಗಿ ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗ ಒಬ್ಬರು ಹೋಗುವಷ್ಟೇ ಅಗಲ. ಇಬ್ಬರು ಹೊರುವುದಾದರೆ ಒಬ್ಬಳು ಬೆನ್ನು ಮುಂದೆ ಮಾಡಿಕೊಂಡೇ ಒಳಗೆ ಹೋಗಬೇಕು, ಕಾಲಡಿಯಲ್ಲಿ ನೀರು, ಬಾಯಲ್ಲಿ ಕಚ್ಚಿಕೊಂಡ ಟಾರ್ಚು. ಇಷ್ಟೂ ಸರಿಹೋಗಬಹುದು. ಎಡವಟ್ಟಾಗುವುದು ಆಮೇಲೆ: ಸುರಂಗದ ನೀರು ಪಂಪಿಲ್ಲದೆ ತಾನಾಗಿ ಹರಿದು ಬರುವಂಥದ್ದು, ಪೈಪು ಮುಗಿಯುವುದು ಅಡುಗೆಮನೆಯಲ್ಲಿ. ಇದನ್ನು ಮರೆತರೆ ಊರಿನ ಓದುಗರು ಅಲ್ಲೇ ಪುಸ್ತಕ ಮಡಚುತ್ತಾರೆ. ನೆನಪಿಟ್ಟರೆ ಮೂರು ಅಧ್ಯಾಯ ಪುಕ್ಕಟೆ.

ಮಾತಿಗೆ ಹವ್ಯಕ ಭಾಷೆ ಬಳಸಿದರೆ ಇನ್ನೊಂದು ಲಾಭ. ಅದರಲ್ಲಿ ಹೆಂಗಸರನ್ನೂ ‘ಅದು’ ಎಂದೇ ಹೇಳುವುದು. ‘ಅದು ಅಲ್ಲೇ ಇದ್ದು’ ಎಂದು ಫೋನಿನಲ್ಲಿ ಪಿಸುಗುಟ್ಟಿದರೆ ಬಾಗಿಲ ಸಂದಿಯ ಅತ್ತೆಗೆ ಅದು ನೆರೆಕರೆಯ ಸೊಸೆ, ಆಚೆ ಕಿವಿಗೊಟ್ಟ ಗೆಳತಿಗೆ ಹೆಣ. ಒಮ್ಮೆ ನಗುವಿಗೆ, ಒಮ್ಮೆ ಸುಳಿವಿಗೆ. ಮೂರನೇ ಸಲ ಹಳಸುತ್ತದೆ.

ಕಾನೂನಿಗೆ ಹೆಚ್ಚು ಪುಟ ಬೇಡ, ತಪ್ಪಂತೂ ಬೇಡ. ಕೊಲೆ 2024ರ ಜುಲೈ 1ರಿಂದ ಈಚಿನದಾದರೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 103, ಸಾಕ್ಷ್ಯ ಮರೆಸಿದ್ದಕ್ಕೆ 238. ಅದಕ್ಕೂ ಹಿಂದಿನದಾದರೆ ಐಪಿಸಿ 302 ಮತ್ತು 201. ಠಾಣೆಯಿಂದ ಬರುವ ಕಾಗದ ಮಲಯಾಳದಲ್ಲಿರಲಿ, ನಾಲ್ವರಲ್ಲಿ ಅದನ್ನು ಓದಬಲ್ಲವಳು ಒಬ್ಬಳೇ ಇರಲಿ. ಉಳಿದವರಿಗೆ ಓದಿ ಹೇಳುವಾಗ ಅವಳು ಒಂದು ಸಾಲು ಹಾರಿಸುತ್ತಾಳೆ. ಯಾವ ಸಾಲು ಎಂಬುದನ್ನು ಅವಳ ಚೌಕದಲ್ಲಿ ಮೊದಲೇ ಬರೆದಿಡಿ.