ಹಿಮ್ಮಡಿ ಹತ್ತಿರದ ಉಬ್ಬು: ನನ್ನ ಅನುಭವ

ನಾನು ಬದಿಯಡ್ಕದ ಹತ್ತಿರ ಫಿಸಿಯೋಥೆರಪಿ ಮಾಡುತ್ತೇನೆ. ಮಳೆಗಾಲದಲ್ಲಿ ಬರುವವರು ಜಾಸ್ತಿ ಅಡಿಕೆ ತೋಟದವರೇ. ಒಂದು ಆಟಿ ತಿಂಗಳಲ್ಲಿ 23ರ ಹುಡುಗನೊಬ್ಬ ಅಮ್ಮನ ಜೊತೆ ಬಂದ. ಕೊಳೆರೋಗಕ್ಕೆ ಮದ್ದು ಬಿಡಲು ಮರ ಹತ್ತುವವನು. ಬಲಗಾಲಿನ ಒಳಬದಿಯಲ್ಲಿ, ಪಾದದ ಕೀಲಿನ ಗಂಟಿಗೂ ಹಿಮ್ಮಡಿಯ ದಪ್ಪ ಹುರಿಗೂ ನಡುವೆ, ಒಂದು ಉಬ್ಬು. ಹತ್ತು ಹದಿನೈದು ಮರ ಹತ್ತಿದರೆ ನೋವು ಶುರು. ಸ್ವಲ್ಪ ಹೊತ್ತು ಕೂತರೆ ಕಡಿಮೆ.

ಬೇರೆ ಕಡೆ ತೋರಿಸಿದಾಗ ಕೊಬ್ಬಿನ ಗಡ್ಡೆ, ತೆಗೆಸಿಬಿಡಿ ಅಂದಿದ್ದರಂತೆ. ಗಡ್ಡೆ ಅಂತ ಕೇಳಿದ ಮೇಲೆ ಆ ತಾಯಿಗೆ ನಿದ್ದೆ ಇಲ್ಲ.

“ಕೆಟ್ಟ ಗಡ್ಡೆಯಾ ಡಾಕ್ಟ್ರೇ?”

ಹುಡುಗನನ್ನು ಬೋರಲು ಮಲಗಿಸಿದೆ, ಪಾದ ಮಂಚದ ಹೊರಗೆ. ಉಬ್ಬಿನ ಮೇಲೆ ಎರಡು ಬೆರಳಿಟ್ಟೆ. ಮೆತ್ತಗಿತ್ತು. ಇನ್ನೊಂದು ಕೈಯನ್ನು ಅಂಗಾಲಿಗೆ ಕೊಟ್ಟು, “ಪಾದದಲ್ಲಿ ನನ್ನ ಕೈ ದೂಡು ಮಗಾ” ಅಂದೆ. ದೂಡಿದ ಕೂಡಲೇ ಬೆರಳಡಿ ಗಟ್ಟಿಯಾಯಿತು. ಬಿಟ್ಟ, ಮೆತ್ತಗಾಯಿತು. ಮೂರು ಸಲ ಮಾಡಿಸಿದೆ, ಮೂರು ಸಲವೂ ಹಾಗೇ. ಕೊಬ್ಬಿನ ಗಡ್ಡೆ ಹೀಗೆ ಬಿಗಿಯುವುದಿಲ್ಲ. ಅಮ್ಮನ ಬೆರಳನ್ನೂ ಅಲ್ಲಿಡಿಸಿದೆ.

ಮೀನಖಂಡದ ಒಳಪದರದಲ್ಲಿ ಸೋಲಿಯಸ್ ಅಂತ ಒಂದು ಸ್ನಾಯು ಇದೆ. ಕೆಲವರಿಗೆ ಹುಟ್ಟಿನಿಂದಲೇ ಅದರ ಜೊತೆಗೆ ಇನ್ನೊಂದು ಸಣ್ಣ ಸೋಲಿಯಸ್ ಇರುತ್ತದೆ. ನೂರರಲ್ಲಿ 1ರಿಂದ 5 ಮಂದಿಗೆ ಅನ್ನಬಹುದು. ಅದು ಮಾಂಸವಾಗಿಯೇ ಕೆಳಗಿನವರೆಗೆ ಇಳಿದು ಅಕಿಲಿಸ್ ಟೆಂಡನ್‌ಗೋ (ಹಿಮ್ಮಡಿಯ ಆ ದಪ್ಪ ಹುರಿ) ಹಿಮ್ಮಡಿ ಎಲುಬಿಗೋ ಅಂಟಿಕೊಳ್ಳುತ್ತದೆ. ಸಣ್ಣವರಿರುವಾಗ ಗೊತ್ತಾಗುವುದಿಲ್ಲ. ಸ್ನಾಯು ಬೆಳೆದು ದುಡಿಮೆ ಹೆಚ್ಚಾದಾಗ ಉಬ್ಬು ಕಾಣುತ್ತದೆ. ದುಡಿಯುವಾಗ ಸ್ನಾಯು ಹಿಗ್ಗುತ್ತದೆ, ಸುತ್ತಲಿನ ಪೊರೆ ಹಿಗ್ಗುವುದಿಲ್ಲ. ಅದಕ್ಕೇ ನೋವು. ಪಕ್ಕದ ನರ ಒತ್ತಿಹೋದರೆ ಅಂಗಾಲು ಜುಮ್ಮೆನ್ನುವುದೂ ಉಂಟು. ಕಾಲಿಗೆ ಹಗ್ಗದ ತಳೆ ಹಾಕಿ ಮರ ಹತ್ತುವವನ ಮೀನಖಂಡಕ್ಕೆ ಬಿಡುವು ಎಲ್ಲಿದೆ ಹೇಳಿ.

ಆದರೂ ಬೆರಳನ್ನೊಂದೇ ನಂಬಿ ಕೂರಬಾರದು. ಎಲುಬಿನ ಡಾಕ್ಟರ ಹತ್ತಿರ ಕಳಿಸಿದೆ, ಮಂಗಳೂರಿನಲ್ಲಿ ಎಂಆರ್‌ಐ ಆಯಿತು. ಉಬ್ಬು ಪಕ್ಕದ ಸ್ನಾಯುವಿನ ಬಣ್ಣದ್ದೇ ಆಗಿತ್ತು, ಅಂದರೆ ಅದೂ ಸ್ನಾಯುವೇ, ಗಡ್ಡೆಯಲ್ಲ.

ಇಷ್ಟು ಬೇಗ ನನಗೆ ಹೊಳೆದದ್ದಕ್ಕೆ ಕಾರಣ ಹಿಂದೆ ಮಾಡಿದ ತಪ್ಪು. ಇಂಥದ್ದೇ ಉಬ್ಬಿದ್ದ ಕಾಲೇಜು ಹುಡುಗಿಗೆ ನಾನು ಆರು ವಾರ ಅಕಿಲಿಸ್ ಊತ ಅಂತಲೇ ಚಿಕಿತ್ಸೆ ಕೊಟ್ಟಿದ್ದೆ. ಅವಳ ಕಾಲಿನ ಮೇಲೆ ಹೀಗೆ ಕೈಯಿಟ್ಟು ನೋಡಿರಲಿಲ್ಲ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಓದುವಾಗ ಶವದ ಕಾಲಿನಲ್ಲಿ ಪ್ಲಾಂಟಾರಿಸ್ ಅಂತ ಮೀನಖಂಡದ ಒಂದು ತೆಳು ಸ್ನಾಯುವನ್ನು ಒಂದು ಗಂಟೆ ಹುಡುಕಿ ಸೋತವರು ನಾವು. ಆ ಕಾಲಿನಲ್ಲಿ ಅದು ಇರಲೇ ಇಲ್ಲ. ನೂರರಲ್ಲಿ 7ರಿಂದ 20 ಮಂದಿಗೆ ಇರುವುದಿಲ್ಲ, ಅದರಿಂದ ಅವರಿಗೆ ತೊಂದರೆಯೂ ಇಲ್ಲ. ಇಷ್ಟು ಗೊತ್ತಿದ್ದೂ ಹುಡುಗಿಯ ಕಾಲನ್ನು ಪುಸ್ತಕದ ಚಿತ್ರದ ಹಾಗೆಯೇ ನೋಡಿದ್ದೆ.

ಆಮೇಲಿಂದ ಯಾರೇ ಬರಲಿ, ಎರಡೂ ಕಾಲು ನೋಡುತ್ತೇನೆ. ಪಾದ ಮೇಲಕ್ಕೆತ್ತಿ ಹೊರಕ್ಕೆ ತಿರುಗಿಸಲು ಹೇಳುತ್ತೇನೆ. ಕಿರುಬೆರಳಿಗೆ ಹೋಗುವ ಹುರಿಯ ಹೊರಬದಿಯಲ್ಲಿ ಇನ್ನೊಂದು ತೆಳು ಹುರಿ ಎದ್ದರೆ ಅದು ಪೆರೋನಿಯಸ್ ಟರ್ಶಿಯಸ್ ಅನ್ನುವ ಸಣ್ಣ ಸ್ನಾಯುವಿನದು. ಕೆಲವರಿಗೆ ಅದೂ ಇರುವುದಿಲ್ಲ. ನನ್ನ ಎಡಗಾಲಿನಲ್ಲಿ ಇದೆ, ಬಲಗಾಲಿನಲ್ಲಿ ಎಷ್ಟು ತಡಕಿದರೂ ಸಿಗುವುದಿಲ್ಲ. ಇದು ಗೊತ್ತಿಲ್ಲದಿದ್ದರೆ ಕಾಲು ಉಳುಕಿಸಿಕೊಂಡು ಬಂದವರಿಗೆ ಸುಮ್ನೆ ಟೆಂಡನ್ ಹರಿದಿದೆ ಅಂತ ಹೆದರಿಸಿಬಿಡಬಹುದು, ಅಲ್ವಾ?

ಹುಡುಗನಿಗೆ ಆರು ವಾರ ಮರ ಹತ್ತುವುದು ಬೇಡ ಅಂದೆ. ಮದ್ದು ಬಿಡುವ ಹೊತ್ತಿನಲ್ಲಿ ಆರು ವಾರದ ಕೂಲಿ ಅಂದರೆ ಸಣ್ಣ ಮಾತಲ್ಲ, ಆದರೂ ಕೇಳಿದ. ಚಪ್ಪಲಿಯ ಹಿಮ್ಮಡಿಗೆ ಸ್ವಲ್ಪ ಎತ್ತರ ಕೊಟ್ಟೆವು. ಮೀನಖಂಡವನ್ನು ನಿಧಾನಕ್ಕೆ ಎಳೆಯುವ ವ್ಯಾಯಾಮ ದಿನಾ ಮಾಡಿದ. ನೋವು ಇಳಿದ ಮೇಲೆ ಗೋಡೆ ಹಿಡಿದು ಹಿಮ್ಮಡಿ ಎತ್ತುವುದು, ವಾರಕ್ಕಿಷ್ಟು ಅಂತ ಹೆಚ್ಚಿಸುತ್ತಾ. ಇದರಲ್ಲಿ ಗುಣವಾಗದವರಿಗೆ ಪೊರೆ ಬಿಡಿಸುವ ಅಥವಾ ಆ ಸ್ನಾಯುವನ್ನೇ ತೆಗೆಯುವ ಆಪರೇಷನ್ ಇದೆ. ಇವನಿಗೆ ಬೇಕಾಗಲಿಲ್ಲ.

ಈಗ ಎಂಟು ಮರಕ್ಕೊಮ್ಮೆ ಇಳಿದು ಕೂರುತ್ತಾನೆ. ಉಬ್ಬು ಅಲ್ಲೇ ಇದೆ. ಮೊನ್ನೆ ಅವನ ಅಮ್ಮ ತಮ್ಮನ ಮಗನನ್ನು ಕರೆದುಕೊಂಡು ಬಂದಿದ್ದರು, ಹಿಮ್ಮಡಿ ನೋವು ಅಂತ. ನಾನು ಕೈಯಿಡುವ ಮೊದಲೇ ಅವರು ಅವನನ್ನು ಬೋರಲು ಮಲಗಿಸಿ, ಪಾದ ಮಂಚದ ಹೊರಗೆ ಬರುವಂತೆ ಸರಿಸಿದರು.