ಬ್ರೆಜಿಲ್‌ನಲ್ಲಿ ಆಫ್ರೋ-ಬ್ರೆಜಿಲಿಯನ್ ಅಧ್ಯಯನಕ್ಕೆ ಬರುವವರೇ, ಅರ್ಜಿಯ ಆ ಒಂದು ಕಾಲಂ ನೋಡಿ ತುಂಬಿ

ಹೋದ ತಿಂಗಳು ಇಬ್ಬರು ಫೋನ್ ಮಾಡಿದ್ದರು. ಒಬ್ಬಳು ಧಾರವಾಡದವಳು, ಇನ್ನೊಬ್ಬ ಹಾಸನದ ಹುಡುಗ. ಇಬ್ಬರಿಗೂ ಬ್ರೆಜಿಲ್‌ಗೆ ಬಂದು ಆಫ್ರಿಕಾ ಮೂಲದವರ ಸಂಸ್ಕೃತಿ, ಬಣ್ಣದ ಭೇದ, ಮೀಸಲಾತಿ ಇವುಗಳ ಬಗ್ಗೆ ಓದುವ ಆಸೆ. ಇಬ್ಬರೂ ಅರ್ಜಿಯಲ್ಲಿ ಒಂದೇ ಕಡೆ ಎಡವಿದ್ದರು. ಎಂಟು ವರ್ಷದ ಹಿಂದೆ ನಾನು ಎಡವಿದ್ದೂ ಅಲ್ಲೇ. ನನಗೆ ಅದರಿಂದ ಒಂದು ವರ್ಷ ಹೋಯಿತು. ಬೆಂಗಳೂರಿನ ಕಾಲೇಜು ಕೆಲಸ ಬಿಟ್ಟು ಬಂದಿದ್ದೆ, ಕೂಡಿಟ್ಟ ದುಡ್ಡೆಲ್ಲ ಬಾಡಿಗೆಗೆ ಕರಗಿತು. ಇನ್ನೊಬ್ಬರಿಗೆ ಹಾಗಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ವೀಸಾ, ಅಪೊಸ್ಟಿಲ್ (ದಾಖಲೆಗಳಿಗೆ ಹಾಕಿಸುವ ದೃಢೀಕರಣ), ಸಿಪಿಎಫ್ ಅನ್ನುವ ಇಲ್ಲಿನ ತೆರಿಗೆ ನಂಬರ್ ಬಗ್ಗೆ ಹೇಳುವುದಿಲ್ಲ. ಅದು ಎಲ್ಲ ಕಡೆ ಸಿಗುತ್ತದೆ. ಎಲ್ಲಿ ಓದಬಹುದು ಅನ್ನುವುದನ್ನೂ ಬೇಗ ಮುಗಿಸುತ್ತೇನೆ. ಬಹಿಯಾ ರಾಜ್ಯದ ಸಾಲ್ವಡಾರ್ ನಗರದಲ್ಲಿ ಬಹಿಯಾ ಫೆಡರಲ್ ವಿಶ್ವವಿದ್ಯಾಲಯದ ಆಫ್ರೋ-ಪೌರ್ವಾತ್ಯ ಅಧ್ಯಯನ ಕೇಂದ್ರ ಇದೆ, 1959ರಲ್ಲಿ ಶುರುವಾದದ್ದು. ಎಲ್ಲರೂ ಪೋಸ್-ಆಫ್ರೊ ಅಂತ ಕರೆಯುವ ಎಂ.ಎ., ಪಿಎಚ್.ಡಿ. ಕಾರ್ಯಕ್ರಮ ಅಲ್ಲಿಂದಲೇ ಬೆಳೆದದ್ದು. ಇನ್ನೊಂದು, ಸಿಯಾರಾ ರಾಜ್ಯದ ರೆಡೆನ್ಸಾವ್ ಊರಿನ ಉನಿಲಾಬ್. ಆಫ್ರಿಕಾದ ಪೋರ್ಚುಗೀಸ್ ಭಾಷೆಯ ದೇಶಗಳನ್ನೂ ಬ್ರೆಜಿಲನ್ನೂ ಜೋಡಿಸಲಿಕ್ಕೆ ಅಂತಲೇ 2010ರಲ್ಲಿ ಕಾನೂನು ಮಾಡಿ ಕಟ್ಟಿದ ವಿಶ್ವವಿದ್ಯಾಲಯ ಅದು. ಆ ಊರನ್ನೇ ಆರಿಸಿದ್ದಕ್ಕೆ ಕಾರಣ ಇದೆ. ಇಡೀ ದೇಶದಲ್ಲಿ ಗುಲಾಮಗಿರಿ ಹೋದದ್ದು 1888ರಲ್ಲಿ. ರೆಡೆನ್ಸಾವ್‌ನವರು 1883ರಲ್ಲೇ ಬಿಡುಗಡೆ ಮಾಡಿದ್ದರು.

ಇಲ್ಲಿ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಬೋಧನಾ ಶುಲ್ಕ ಇಲ್ಲ, ಹೊರದೇಶದವರಿಗೂ ಇಲ್ಲ. ನಮ್ಮವರು ಇದನ್ನು ನಂಬುವುದೇ ಇಲ್ಲ. ಕೋರ್ಸ್ ಫೀಸು ಅಂತ ಯಾವ ಏಜೆಂಟ್ ದುಡ್ಡು ಕೇಳಿದರೂ ಕೊಡಬೇಡಿ.

ಈಗ ಆ ಕಾಲಂ ವಿಷಯ. ಅರ್ಜಿಯಲ್ಲಿ 'ಕೋರ್ ಊ ರಾಸಾ' ಅಂತ ಇರುತ್ತದೆ. ಬಣ್ಣ ಅಥವಾ ಜನಾಂಗ ಅಂತ ಅರ್ಥ. ಕೆಳಗೆ ಐದು ಆಯ್ಕೆ: ಅಮರೆಲಾ, ಬ್ರಾಂಕಾ, ಇಂಡಿಜೆನಾ, ಪಾರ್ಡಾ, ಪ್ರೆಟಾ. ನಮ್ಮ ಕಣ್ಣು ಸೀದಾ ಮೂರನೆಯದರ ಮೇಲೆ ಹೋಗುತ್ತದೆ. ಇಂಡಿಯಾದವಳು, ಹಾಗಾದರೆ ಇಂಡಿಜೆನಾ. ನಾನು ಅದನ್ನೇ ಒತ್ತಿದೆ. ಧಾರವಾಡದ ಹುಡುಗಿಯೂ ಅದನ್ನೇ ಒತ್ತಿದ್ದಳು.

ಇಂಡಿಜೆನಾ ಅಂದರೆ ಬ್ರೆಜಿಲ್‌ನ ಮೂಲನಿವಾಸಿ. ಅಮೆಜಾನ್ ಕಾಡಿನ, ಬಹಿಯಾ ಕರಾವಳಿಯ, ಪೋರ್ಚುಗೀಸರು ಬರುವ ಮೊದಲೇ ಅಲ್ಲಿದ್ದ ಜನ. ಇಂಡಿಯಾದವರಿಗೆ ಇಲ್ಲಿ 'ಇಂಡಿಯಾನೊ', ಹೆಂಗಸಾದರೆ 'ಇಂಡಿಯಾನಾ' ಅನ್ನುತ್ತಾರೆ. ಅದು ರಾಷ್ಟ್ರೀಯತೆ. ಈ ಐದರ ಪಟ್ಟಿಯಲ್ಲಿ ಅದು ಬರುವುದೇ ಇಲ್ಲ. ಅಮರೆಲಾ ಅಂದರೆ ಹಳದಿ, ಅಂದರೆ ಜಪಾನ್, ಚೀನಾ, ಕೊರಿಯಾ ಮೂಲದವರು. ಏಷ್ಯಾ ಅಂತ ನೋಡಿ ಅದನ್ನು ಒತ್ತಿದವರನ್ನೂ ನಾನು ಬಲ್ಲೆ. ಬ್ರಾಂಕಾ ಬಿಳಿ, ಪ್ರೆಟಾ ಕಪ್ಪು, ಪಾರ್ಡಾ ಕಂದು ಅಥವಾ ಮಿಶ್ರ. 2022ರ ಜನಗಣತಿಯಲ್ಲಿ ಪಾರ್ಡಾ ಅಂದವರು ಶೇ. 45.3, ಬ್ರಾಂಕಾ ಶೇ. 43.5, ಪ್ರೆಟಾ ಶೇ. 10.2. ಪ್ರೆಟಾ, ಪಾರ್ಡಾ ಎರಡನ್ನೂ ಸೇರಿಸಿ ಕಾನೂನು 'ನೆಗ್ರಾ' ಜನಸಂಖ್ಯೆ ಅನ್ನುತ್ತದೆ.

ಬರೀ ಇಷ್ಟೇ ಆಗಿದ್ದರೆ ತೊಂದರೆ ಇರಲಿಲ್ಲ. ಇದರ ಕೆಳಗೆ ಇನ್ನೊಂದು ಕಾಲಂ ಇರುತ್ತದೆ, 'ಮೊಡಾಲಿಡಾಡೆ ಡೆ ವಾಗಾ'. ಯಾವ ಬಗೆಯ ಸೀಟಿಗೆ ಅರ್ಜಿ ಅಂತ. ಮೇಲಿನದು ಹೆಚ್ಚಾಗಿ ಅಂಕಿಅಂಶಕ್ಕೆ. ಕೆಳಗಿನದು ಸೀಟಿಗೆ. ಎರಡೂ ಒಂದೇ ಅಂದುಕೊಂಡು ನಾನು ಕೆಳಗೂ ಇಂಡಿಜೆನಾ ಅಂತಲೇ ಹಾಕಿದೆ. ಹಾಗೆ ನನ್ನ ಅರ್ಜಿ ಮೂಲನಿವಾಸಿಗಳಿಗೆ ಕಾದಿಟ್ಟ ಸೀಟಿನ ಕಡೆ ಹೋಯಿತು. ಅದಕ್ಕೆ ಬೇಕಾದದ್ದು ಆ ಸಮುದಾಯದ ಮುಖಂಡರು ಸಹಿ ಮಾಡಿದ ಪತ್ರ. ನನ್ನ ಹತ್ತಿರ ಎಲ್ಲಿಂದ ಬರಬೇಕು? ಅರ್ಜಿ ತಿರಸ್ಕಾರವಾಯಿತು. ಪ್ರಾಜೆಕ್ಟ್ ಯಾರೂ ಓದಲೇ ಇಲ್ಲ.

ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಆಮೇಲೆ. ತಿರಸ್ಕಾರವಾಗಿದೆ ಅಂತ ನನಗೆ ಯಾರೂ ತಿಳಿಸಲಿಲ್ಲ. ಮೇಲ್ ಬರುತ್ತದೆ ಅಂತ ದಿನಾ ಕಾಯುತ್ತಿದ್ದೆ. ಅವರು ತಮ್ಮ ಪುಟದಲ್ಲಿ ಒಂದು ಪಿಡಿಎಫ್ ಹಾಕಿದ್ದರು. ಅದರಲ್ಲಿ ಹೆಸರೂ ಇಲ್ಲ, ಬರೀ ಅರ್ಜಿ ನಂಬರ್. ಪಕ್ಕದಲ್ಲಿ 'ಇಂಡೆಫೆರಿಡಾ', ಅಂದರೆ ತಿರಸ್ಕೃತ, ಅನ್ನುವ ಒಂದು ಪದ. ನಾನು ನೋಡಿದ್ದು ಆರನೇ ದಿನ. ಮೇಲ್ಮನವಿಗೆ ಕೊಟ್ಟಿದ್ದು ಎರಡೇ ಕೆಲಸದ ದಿನ. ಕಚೇರಿಗೆ ಹೋಗಿ ಕಣ್ಣೀರು ಹಾಕಿದೆ. ಕಿಟಕಿಯಾಚೆ ಇದ್ದ ಹೆಂಗಸು ಮರುಕದಿಂದಲೇ ಕೇಳಿಸಿಕೊಂಡರು. 'ಎಡಿಟಲ್ ಓದಿದ್ದೀರಾ?' ಅಂತ ಒಂದೇ ಮಾತು ಕೇಳಿದರು. ಆ ವಿಶ್ವವಿದ್ಯಾಲಯದ ಹೆಸರು ಬೇಡ. ಅವರು ನಿಯಮ ಮುರಿದಿರಲಿಲ್ಲ. ಆದರೂ ಒಂದು ಮೇಲ್ ಕಳಿಸದೆ ಎರಡೇ ದಿನದ ಗಡುವು ಇಡುವುದು ತಪ್ಪು ಅಂತ ನಾನು ಇವತ್ತಿಗೂ ಹೇಳುತ್ತೇನೆ. ಆಯ್ಕೆ ವರ್ಷಕ್ಕೆ ಒಂದೇ ಸಲ. ಮುಂದಿನ ವರ್ಷದವರೆಗೆ ಸುಮ್ನೆ ಕೂತೆ.

ಎಡಿಟಲ್ ಅಂದರೆ ಆಯ್ಕೆಯ ಅಧಿಸೂಚನೆ. ಮೂವತ್ತು ನಲವತ್ತು ಪುಟ ಇರುತ್ತದೆ, ಪೋರ್ಚುಗೀಸ್‌ನಲ್ಲಿ. ಅದೇ ಕಾನೂನು. ಜಾಲತಾಣದಲ್ಲಿ ಏನೇ ಬರೆದಿರಲಿ, ಪ್ರೊಫೆಸರ್ ಮೇಲ್‌ನಲ್ಲಿ ಏನೇ ಹೇಳಿರಲಿ, ಎಡಿಟಲ್‌ನಲ್ಲಿ ಇಲ್ಲದಿದ್ದರೆ ಇಲ್ಲ. ಅದರ ಕೊನೆಯಲ್ಲಿ ದಿನಾಂಕಗಳ ಪಟ್ಟಿ ಇರುತ್ತದೆ. ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ. ಪ್ರತಿ ಹಂತಕ್ಕೂ ಮೇಲ್ಮನವಿಯ ದಿನ ಬೇರೆ. ಅದಕ್ಕೆ 'ರೆಕುರ್ಸೊ' ಅನ್ನುತ್ತಾರೆ. ಫಲಿತಾಂಶದ ವಾರ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಪುಟ ತೆರೆದು ನೋಡಿ. ನಿಮ್ಮನ್ನು ಯಾರೂ ಕರೆಯುವುದಿಲ್ಲ.

ಹಾಗಾದರೆ ನಾವು ಏನು ಒತ್ತಬೇಕು? ಸೀಟಿನ ಕಾಲಂನಲ್ಲಿ 'ಆಂಪ್ಲಾ ಕೊಂಕೊರೆನ್ಸಿಯಾ', ಅಂದರೆ ಸಾಮಾನ್ಯ ಸೀಟು. ಹೊರದೇಶದವರಿಗೆ ಅಂತ ಬೇರೆ ಸೀಟು ಇದ್ದರೆ ಅದು. ಬೇರೆ ಯಾವುದೂ ಅಲ್ಲ. ಬಣ್ಣದ ಕಾಲಂನಲ್ಲಿ 'ಹೇಳಲು ಇಷ್ಟವಿಲ್ಲ' ಅಂತ ಇದ್ದರೆ ಅದನ್ನು ಒತ್ತಿ. ಇಲ್ಲದಿದ್ದರೆ ನಮ್ಮಲ್ಲಿ ಹೆಚ್ಚಿನವರು ಪಾರ್ಡಾ ಹಾಕುತ್ತಾರೆ. ಅಂಕಿಅಂಶಕ್ಕೆ ಮಾತ್ರ ಆದರೆ ಅದು ತಪ್ಪಲ್ಲ.

ಹಾಸನದ ಹುಡುಗ ಇಲ್ಲೇ ವಾದಕ್ಕೆ ನಿಂತ. ಅವನು ಪಾರ್ಡಾ ಹಾಕಿ, ಮೀಸಲು ಸೀಟನ್ನೂ ಆರಿಸಿದ್ದ. ಅವನು ಆಗಲೇ ಸಾವ್ ಪಾಲೊದಲ್ಲಿ ಕೆಲಸದಲ್ಲಿದ್ದಾನೆ. 'ಅಕ್ಕ, ನನ್ನ ಬಣ್ಣ ಇಲ್ಲಿನ ಎಷ್ಟೋ ಜನರಿಗಿಂತ ಕಪ್ಪು. ಮಾಲ್‌ಗೆ ಹೋದರೆ ಸೆಕ್ಯೂರಿಟಿಯವರು ನನ್ನ ಹಿಂದೆಯೇ ಬರುತ್ತಾರೆ. ನಾನ್ಯಾಕೆ ಹಾಕಬಾರದು?' ಅಂದ. ಅವನು ಹೇಳಿದ್ದು ಸುಳ್ಳಲ್ಲ. ನನ್ನ ಹಿಂದೆಯೂ ಬಂದಿದ್ದಾರೆ. ಆದರೆ ಆ ಸೀಟು ಇಟ್ಟಿರುವುದು ಬೇರೆ ಲೆಕ್ಕಕ್ಕೆ. ಆಫ್ರಿಕಾದಿಂದ ಸುಮಾರು 48 ಲಕ್ಷ ಜನರನ್ನು ಹಿಡಿದು ತಂದು ಈ ದೇಶದಲ್ಲಿ ಇಳಿಸಿದರು. 1888ರಲ್ಲಿ ಬಿಟ್ಟಾಗ ಅವರಿಗೆ ಒಂದು ತುಂಡು ನೆಲ ಕೊಡಲಿಲ್ಲ, ಶಾಲೆ ಕೊಡಲಿಲ್ಲ. ಅವರ ಮಕ್ಕಳ ಮಕ್ಕಳಿಗೆ ಈಗ ಸಿಗುತ್ತಿರುವ ಸೀಟು ಅದು. ನಾವು ವಿಮಾನದಲ್ಲಿ ಬಂದವರು. ಅದರ ಮೇಲೆ ಕೈ ಹಾಕಬಾರದು ಅಂತ ಅವನಿಗೆ ಖಡಾಖಂಡಿತವಾಗಿ ಹೇಳಿದೆ. ಅವನ ಎಡಿಟಲ್ ಪ್ರಕಾರ ಕೊನೆಗೆ ಹಾಕಿದ ಅರ್ಜಿಯೇ ಲೆಕ್ಕಕ್ಕೆ. ಅದೇ ರಾತ್ರಿ ಹೊಸ ಅರ್ಜಿ ಹಾಕಿದ.

ಹಾಕದೇ ಇದ್ದಿದ್ದರೆ ಅವನು 'ಬಾಂಕಾ', ಅಂದರೆ ಪರಿಶೀಲನೆ ಮಾಡುವ ಸಮಿತಿಯ ಮುಂದೆ ನಿಲ್ಲಬೇಕಿತ್ತು. ಇದು ನಮ್ಮ ಪದ್ಧತಿಗೆ ಪೂರ್ತಿ ಉಲ್ಟಾ. ನಮ್ಮಲ್ಲಿ ತಹಶೀಲ್ದಾರರ ಜಾತಿ ಪ್ರಮಾಣಪತ್ರ ಇದ್ದರೆ ಮುಗಿಯಿತು, ಮುಖ ಯಾರೂ ನೋಡುವುದಿಲ್ಲ. ಇಲ್ಲಿ ಪ್ರೆಟಾ, ಪಾರ್ಡಾ ಸೀಟಿಗೆ ಅಂಥ ಕಾಗದ ಯಾರೂ ಕೇಳುವುದಿಲ್ಲ, ಮುಖವನ್ನೇ ನೋಡುತ್ತಾರೆ. ಕೆಲವರು ಕೂತು ಚರ್ಮದ ಬಣ್ಣ, ಕೂದಲು, ಮೂಗು, ತುಟಿ ನೋಡಿ ತೀರ್ಮಾನ ಹೇಳುತ್ತಾರೆ. ಅಜ್ಜಿಯ ಫೋಟೊ ತೋರಿಸಿದರೂ ನಡೆಯುವುದಿಲ್ಲ. ಭೇದ ನಡೆಯುವುದು ಮುಖ ನೋಡಿ, ಹಾಗಾಗಿ ಸೀಟು ಕೊಡುವುದೂ ಮುಖ ನೋಡಿಯೇ ಅನ್ನುವುದು ಅವರ ವಾದ. 2007ರಲ್ಲಿ ಬ್ರೆಸಿಲಿಯಾ ವಿಶ್ವವಿದ್ಯಾಲಯದಲ್ಲಿ ಒಂದೇ ಥರ ಇದ್ದ ಅವಳಿ ಅಣ್ಣತಮ್ಮಂದಿರಲ್ಲಿ ಒಬ್ಬನನ್ನು ಒಪ್ಪಿ ಇನ್ನೊಬ್ಬನನ್ನು ಬಿಟ್ಟಿದ್ದರು. ಆಗ ಫೋಟೊ ನೋಡಿ ತೀರ್ಮಾನ ಮಾಡುತ್ತಿದ್ದರು. ದೊಡ್ಡ ಗಲಾಟೆಯಾಯಿತು, ಆಮೇಲೆ ಪದ್ಧತಿ ಬದಲಾಯಿಸಿದರು. 2012ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ಈ ಮೀಸಲಾತಿಯನ್ನು ಒಮ್ಮತದಿಂದ ಎತ್ತಿಹಿಡಿಯಿತು.

ನನ್ನ ಸಹಪಾಠಿಯೊಬ್ಬಳ ಜೊತೆ ಬಾಂಕಾ ನಡೆಯುವ ಕೋಣೆಯ ಹೊರಗೆ ಕೂತಿದ್ದೆ. ಕಶೊಯಿರಾ ಕಡೆಯ ಹುಡುಗಿ. ಹೆಸರು ಕರೆಯುವ ಮೊದಲು ಅವಳು ಕೂದಲಿಗೆ ಬಿಗಿಯಾಗಿ ಕಟ್ಟಿದ್ದ ರಬ್ಬರ್ ಬ್ಯಾಂಡ್ ತೆಗೆದು ಕೈಗೆ ಹಾಕಿಕೊಂಡಳು. ಗುಂಗುರು ಕೂದಲು ಭುಜದವರೆಗೂ ಹರಡಿತು. 'ಕೆಲಸದ ಸಂದರ್ಶನಕ್ಕೆ ಹೋಗುವಾಗೆಲ್ಲ ಅಮ್ಮ ಕಟ್ಟಿಕೋ ಅಂತಾಳೆ' ಅಂದಳು. ನಾಲ್ಕೇ ನಿಮಿಷಕ್ಕೆ ಹೊರಗೆ ಬಂದಳು. ರಬ್ಬರ್ ಬ್ಯಾಂಡ್ ಇನ್ನೂ ಕೈಯಲ್ಲೇ ಇತ್ತು.

ಯಾವ ಪದ್ಧತಿ ಒಳ್ಳೆಯದು ಅಂತ ಎಲ್ಲರೂ ಕೇಳುತ್ತಾರೆ. ಅರ್ಜಿ ಹಾಕುವವರ ನೆಮ್ಮದಿಗೆ ನಮ್ಮ ಕಾಗದವೇ ಮೇಲು. ತಾನು ಎಲ್ಲಿ ನಿಂತಿದ್ದೇನೆ ಅಂತ ಮೊದಲೇ ಗೊತ್ತಿರುತ್ತದೆ. ಆದರೆ ಇಲ್ಲಿನ 2012ರ ಕೋಟಾ ಕಾನೂನಿನಲ್ಲಿ ಒಂದು ಅಂಶ ನನಗೆ ತುಂಬ ಇಷ್ಟ. ಫೆಡರಲ್ ವಿಶ್ವವಿದ್ಯಾಲಯಗಳ ಪದವಿ ಸೀಟುಗಳಲ್ಲಿ ಅರ್ಧ, ಹೈಸ್ಕೂಲನ್ನು (ಇಲ್ಲಿ ಅದು ಶಾಲೆಯ ಕೊನೆಯ ಮೂರು ವರ್ಷ, ನಮ್ಮ ಪಿಯುಸಿ ಮುಗಿಯುವ ಹಂತ) ಪೂರ್ತಿ ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ. ಅದರೊಳಗೆ ಆದಾಯದ ಲೆಕ್ಕ. ಅದರೊಳಗೆ ಪ್ರೆಟಾ, ಪಾರ್ಡಾ, ಇಂಡಿಜೆನಾ ಪಾಲು, ಆ ರಾಜ್ಯದ ಜನಸಂಖ್ಯೆಗೆ ತಕ್ಕಂತೆ. ತಪ್ಪಿಸಿಕೊಂಡ ಗುಲಾಮರು ಕಟ್ಟಿದ ಊರುಗಳ ಜನ, ಅಂದರೆ ಕಿಲೊಂಬೋಲಾಗಳು, 2023ರಲ್ಲಿ ಸೇರಿದರು. ನಮ್ಮ ಸಿಇಟಿಯಲ್ಲಿ ಗ್ರಾಮೀಣ, ಕನ್ನಡ ಮಾಧ್ಯಮ ಅಂತ ಇದೆಯಲ್ವಾ, ಅದನ್ನು ಇಷ್ಟು ದೊಡ್ಡದಾಗಿ ಮಾಡಿದ್ದರೆ ನಮ್ಮ ಸರ್ಕಾರಿ ಶಾಲೆಗಳ ಗತಿ ಬೇರೆಯಾಗಿರುತ್ತಿತ್ತು. ಸಾಲ್ವಡಾರ್‌ನಲ್ಲಿ ಮಕ್ಕಳನ್ನು ಖಾಸಗಿ ಹೈಸ್ಕೂಲಿಗೆ ಹಾಕಿರುವ ಕನ್ನಡಿಗರೇ, ನಿಮ್ಮ ಮಕ್ಕಳಿಗೆ ಈ ಕೋಟಾ ಸಿಗುವುದಿಲ್ಲ. ಈಗಲೇ ತಿಳಿದಿರಲಿ.

ತರಗತಿಯಲ್ಲಿ ನಮ್ಮ ಮೈಸೂರಿನ ಕಥೆ ಹೇಳಿ. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1918ರಲ್ಲಿ, ಮಿಲ್ಲರ್ ಸಮಿತಿ ಕೂತಿತು. 1921ರಲ್ಲಿ ಸರ್ಕಾರಿ ನೌಕರಿಯಲ್ಲಿ ಹಿಂದುಳಿದವರಿಗೆ ಪಾಲು ಸಿಗುವ ಆದೇಶವೂ ಆಯಿತು. ನಾನು ಹೇಳಿದಾಗ ಪ್ರೊಫೆಸರ್ ತಮ್ಮ ಪಾಠ ನಿಲ್ಲಿಸಿ ಒಂದು ಗಂಟೆ ನನಗೇ ಬಿಟ್ಟುಕೊಟ್ಟರು.

ಇನ್ನು ಸಂದರ್ಶನ. ಪೋರ್ಚುಗೀಸ್‌ನಲ್ಲೇ ನಡೆಯುತ್ತದೆ. ಕಾಪೊಯಿರಾ ಅನ್ನುವ ಕುಣಿತದಂಥ ಕಾದಾಟ ಇಷ್ಟ, ಸಾಂಬಾ ಇಷ್ಟ ಅಂತ ಹೇಳಿಕೊಂಡು ಹೋದರೆ ಆಗುವುದಿಲ್ಲ. ನನ್ನನ್ನು ಕೇಳಿದ್ದು ಹೀಗೆ: 'ನಿಮ್ಮ ಊರಿನಲ್ಲಿ ಆಫ್ರಿಕಾ ಮೂಲದವರು ಇದ್ದಾರಾ? ಅವರಿಗೂ ನಿಮ್ಮ ಮನೆಗೂ ಏನು ಸಂಬಂಧ?' ನಾನು ಯಲ್ಲಾಪುರ ಕಡೆಯವಳು. ಸಿದ್ದಿಯರು ಇದ್ದಾರೆ. ಅವರ ಹಿಂದಿನವರಲ್ಲಿ ಎಷ್ಟೋ ಜನರನ್ನು ಪೋರ್ಚುಗೀಸರೇ ಗೋವಾಕ್ಕೆ ತಂದದ್ದು. ಬಹಿಯಾಕ್ಕೆ ಜನರನ್ನು ತಂದವರೂ ಅವರೇ. ಅಜ್ಜನ ಮನೆಗೆ ಅಡಿಕೆ ಸುಲಿಯಲು ಸಿದ್ದಿ ಹೆಂಗಸರು ಬರುತ್ತಿದ್ದರು. ಅಂಗಳದಲ್ಲೇ ಕೂರುತ್ತಿದ್ದರು, ಜಗಲಿ ಹತ್ತುತ್ತಿರಲಿಲ್ಲ. ಅವರ ಚಹಾ ಲೋಟ ಬೇರೆ. ಕುಡಿದು, ತೊಳೆದು, ಹೊರಗಿನ ಕಟ್ಟೆ ಮೇಲೆ ಬೋರಲು ಹಾಕಿ ಹೋಗುತ್ತಿದ್ದರು. ಮೂವತ್ತು ವರ್ಷ ಅದನ್ನು ನೋಡಿದವಳು ಅದರ ಬಗ್ಗೆ ಒಂದು ಮಾತು ಬರೆದಿರಲಿಲ್ಲ. ಆ ಲೋಟದ ವಿಷಯ ಹೇಳಿದೆ. ಪರೀಕ್ಷಕರಲ್ಲಿ ಒಬ್ಬರು ಪೆನ್ನು ಕೆಳಗಿಟ್ಟು ಕೇಳಿದರು. ಸೀಟು ಸಿಕ್ಕಿತು. ಕೊನೆಗೆ ನನ್ನ ಪ್ರಬಂಧವೂ ಸಿದ್ದಿಯರ ಡಮಾಮಿ ಕುಣಿತ ಮತ್ತು ಇಲ್ಲಿನ ಡೋಲುಗಳ ಬಗ್ಗೆಯೇ ಆಯಿತು. ನೀವು ಬರುವ ಮೊದಲು ಒಂದು ಸಲ ಹಳಿಯಾಳ, ಯಲ್ಲಾಪುರ, ಮುಂಡಗೋಡ ಸುತ್ತಿ ಬನ್ನಿ. ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡಕ್ಕೆ ಸೇರಿದ್ದೇ 2003ರಲ್ಲಿ. ಅದನ್ನಾದರೂ ತಿಳಿದು ಬನ್ನಿ.

ಒಂದು ಮಾತಿನ ಬಗ್ಗೆ ಎಚ್ಚರ. 'ನೆಗ್ರೊ', 'ನೆಗ್ರಾ' ಇಲ್ಲಿ ಮರ್ಯಾದೆಯ ಪದ, ಚಳವಳಿಯವರೇ ಎತ್ತಿಕೊಂಡದ್ದು. ನಮ್ಮ ಕಿವಿಗೆ ಅದು ಬೈಗುಳದ ಹಾಗೆ ಕೇಳುತ್ತದೆ, ಆದ್ದರಿಂದ ಹಿಂಜರಿಯುತ್ತೇವೆ. ಬದಲಿಗೆ 'ಮುಲಾಟಾ' ಅಂತ ಬಳಸಿಬಿಡುತ್ತೇವೆ. ಅದೇ ನೋವು ಕೊಡುವ ಪದ. ಬಳಸಲೇಬೇಡಿ.

ಖರ್ಚಿನ ಲೆಕ್ಕ: ಎಂ.ಎ. ವಿದ್ಯಾರ್ಥಿವೇತನ 2023ರಿಂದ ತಿಂಗಳಿಗೆ 2,100 ರಿಯಾಯಿಸ್. ಸೇರಿದ ಎಲ್ಲರಿಗೂ ಸಿಗುವುದಿಲ್ಲ. ಆರು ತಿಂಗಳ ಖರ್ಚು ಕೈಯಲ್ಲಿ ಇಟ್ಟುಕೊಂಡೇ ಬನ್ನಿ.

ಕಾಂಡೊಂಬ್ಲೆ ಅಂದರೆ ಆಫ್ರಿಕಾ ಮೂಲದವರ ಇಲ್ಲಿನ ಧರ್ಮ. ಅದರ ದೇವಸ್ಥಾನಗಳಿಗೆ, ಅಂದರೆ ಟೆರೆರೊಗಳಿಗೆ, ತರಗತಿಯಿಂದ ಕರೆದುಕೊಂಡು ಹೋಗುತ್ತಾರೆ. ತಿಳಿ ಬಣ್ಣದ ಬಟ್ಟೆ ಹಾಕಿ, ಬಿಳಿಯಾದರೆ ಒಳ್ಳೆಯದು. ಕೇಳದೆ ಫೋಟೊ ತೆಗೆಯಬೇಡಿ. ಮೈಮೇಲೆ ದೇವರು ಬರುವುದು ನಮ್ಮ ಭೂತಕೋಲ ಕಂಡವರಿಗೆ ಹೊಸದಲ್ಲ. ಅದಕ್ಕೇ ಜಾಸ್ತಿ ಸಲಿಗೆ ತೆಗೆದುಕೊಳ್ಳುವ ಅಪಾಯ ಇದೆ. ಈ ಮನೆಗಳ ಮೇಲೆ ಹಿಂದೆ ಪೊಲೀಸರು ದಾಳಿ ಮಾಡಿ ಡೋಲು ಹೊತ್ತೊಯ್ಯುತ್ತಿದ್ದರು. ಅಪರಿಚಿತರ ಕ್ಯಾಮೆರಾ ಕಂಡರೆ ಅವರಿಗೆ ಇಷ್ಟವಾಗದಿರುವುದಕ್ಕೆ ಕಾರಣ ಇದೆ.

ಕಾರ್ನಿವಲ್‌ನಲ್ಲಿ ಬಿಳಿ ಮುಂಡಾಸು ಕಟ್ಟಿ, ನೀಲಿ-ಬಿಳಿ ಮಣಿಸರ ಹಾಕಿದ ಸಾವಿರಾರು ಗಂಡಸರು ಬರುತ್ತಾರೆ. ಅದು ಫಿಲ್ಯೋಸ್ ಡೆ ಗಾಂಧಿ, ಗಾಂಧಿಯ ಮಕ್ಕಳು. ಗಾಂಧೀಜಿ ಹತ್ಯೆಯಾದ ಮರುವರ್ಷ, 1949ರಲ್ಲಿ, ಸಾಲ್ವಡಾರ್ ಬಂದರಿನ ಹಮಾಲರು ಕಟ್ಟಿದ್ದು. ನೀವು ಇಂಡಿಯಾನೊ ಅಂತ ಗೊತ್ತಾದರೆ ಒಂದು ಸರ ತೆಗೆದು ನಿಮ್ಮ ಕೊರಳಿಗೆ ಹಾಕಿಬಿಡಬಹುದು. ತಲೆ ಬಾಗಿಸಿ ತೆಗೆದುಕೊಳ್ಳಿ.

ಸಂಜೆ ಹಸಿವಾದರೆ ಬೀದಿ ಮೂಲೆಯಲ್ಲಿ ಬಿಳಿ ಲಂಗದ ಬಯಾನಾ, ಅಂದರೆ ಬಹಿಯಾದ ಹೆಂಗಸು, ಕೂತಿರುತ್ತಾರೆ. ಅವರು ಕರಿಯುವ ಅಕರಜೆ ನಮ್ಮ ಅಲಸಂದೆ ವಡೆಯೇ. ಕಾಳು ನೆನೆಸಿ, ಸಿಪ್ಪೆ ತೆಗೆದು, ಈರುಳ್ಳಿ ಹಾಕಿ ರುಬ್ಬಿ, ಕೆಂಪು ತಾಳೆ ಎಣ್ಣೆಯಲ್ಲಿ ಕರಿಯುತ್ತಾರೆ. ಇಯಾನ್ಸಾ ದೇವಿಯ ನೈವೇದ್ಯ ಅದು. ಮಾಂಸ, ಮೀನು ತಿನ್ನದವರು 'ಸೆಂ ಕಮರಾವ್, ಸೆಂ ವಟಪಾ', ಅಂದರೆ ಸಿಗಡಿ ಬೇಡ, ವಟಪಾ ಬೇಡ, ಅಂತ ಮೊದಲೇ ಹೇಳಿ. ವಟಪಾ ಅಂದರೆ ವಡೆಯೊಳಗೆ ತುಂಬುವ ಗೊಜ್ಜು, ಅದರಲ್ಲೂ ಒಣ ಸಿಗಡಿ ಇರುತ್ತದೆ. ವಡೆ ಸೀಳಿ ಅದನ್ನು ತುಂಬಿದ ಮೇಲೆ ಹೇಳಿದರೆ ಪ್ರಯೋಜನವಿಲ್ಲ.