ಐದು ಪಾಯಿಂಟ್‌ಗೆ ಅಪ್ಪನ ಕನ್ನಡ

2019ರಲ್ಲಿ ಬೆಂಗಳೂರಲ್ಲಿ ಕೂತು ಆಸ್ಟ್ರೇಲಿಯಾದಲ್ಲಿ ನೆಲೆಸಲು ಬೇಕಾದ ಕೌಶಲ ವೀಸಾದ ಪಾಯಿಂಟ್ ಲೆಕ್ಕ ಹಾಕಿದಾಗ ನನ್ನದು 65. ವಯಸ್ಸಿಗೆ 30, ಬಿಇಗೆ 15, ಇಂಗ್ಲಿಷಿಗೆ 10, ಐದು ವರ್ಷದ ಸಿವಿಲ್ ಎಂಜಿನಿಯರ್ ಕೆಲಸಕ್ಕೆ 10. ಪಟ್ಟಿಗೆ ಹೆಸರು ಕೊಡಲು ಸಾಕು, ವೀಸಾಗೆ ಅರ್ಜಿ ಹಾಕಿ ಅನ್ನೋ ಕರೆ ಬರಲು ಸಾಲದು. ಅಲ್ಲಿನ ಯಾವುದಾದರೂ ರಾಜ್ಯ ನನ್ನನ್ನು ನಾಮಿನೇಟ್ ಮಾಡಲೇಬೇಕಿತ್ತು.

ಅದೇ ವರ್ಷ ನವೆಂಬರ್ 16ಕ್ಕೆ, ರೀಜನಲ್ ಅಂತ ಗುರುತಿಸಿದ ಪ್ರದೇಶಗಳಿಗೆ ಕೊಡುವ ತಾತ್ಕಾಲಿಕ ವೀಸಾ, ಹಳೆಯ 489 ಹೋಗಿ 491 ಬಂತು. ನಾಮಿನೇಷನ್‌ಗೆ 10 ಇದ್ದದ್ದು 15 ಆಯಿತು. ಹೆಂಡತಿಯ ಇಂಗ್ಲಿಷಿಗೂ 5 ಸಿಕ್ಕಿತು. ಒಟ್ಟು 85! ಖುಷಿ ನಾಲ್ಕೇ ತಿಂಗಳು. ಕೊರೋನಾ ಬಂದು ಗಡಿ ಮುಚ್ಚಿತು, ರಾಜ್ಯಗಳು ಈಗಾಗಲೇ ಒಳಗಿದ್ದವರ ಕಡೆಗೇ ನೋಡತೊಡಗಿದವು. ಕಾಯುತ್ತಾ ಕಾಯುತ್ತಾ 2021ರಲ್ಲಿ ನನಗೆ 33 ತುಂಬಿತು. ವಯಸ್ಸಿನ 30 ಅವತ್ತೇ 25ಕ್ಕೆ ಇಳಿಯಿತು.

ಆ ಐದನ್ನು ವಾಪಸ್ ತಂದುಕೊಟ್ಟದ್ದು ಕನ್ನಡ. ಆಸ್ಟ್ರೇಲಿಯಾದಲ್ಲಿ ಅನುವಾದಕರಿಗೆ ಮಾನ್ಯತೆ ಕೊಡುವ ನಾಟಿ ಸಂಸ್ಥೆಯ ಸಿಸಿಎಲ್ ಅನ್ನೋ ಭಾಷಾ ಪರೀಕ್ಷೆ ಪಾಸಾದರೆ 5 ಪಾಯಿಂಟ್, ಅದು ಕನ್ನಡದಲ್ಲೂ ಇದೆ. ಎರಡು ಸಂಭಾಷಣೆ ಕೇಳಿಸುತ್ತಾರೆ, ಇಂಗ್ಲಿಷಿನದನ್ನು ಕನ್ನಡಕ್ಕೆ, ಕನ್ನಡದ್ದನ್ನು ಇಂಗ್ಲಿಷಿಗೆ ಬಾಯಲ್ಲೇ ಹೇಳಬೇಕು. ಪಾಸಾಗಲು 90ಕ್ಕೆ ಕನಿಷ್ಠ 63 ಬೇಕು. ನಮ್ಮ ಭಾಷೆ ತಾನೇ ಅಂತ ಸುಮ್ನೆ ಕೂತಿದ್ದೆ. ಮೊದಲ ಅಭ್ಯಾಸದಲ್ಲೇ 'ಮಾರ್ಟ್‌ಗೇಜ್', 'ಕಸ್ಟಡಿ' ಬಂದು ಬಾಯಿ ಕಟ್ಟಿತು. ಅಪ್ಪ ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದವರು. "ಅಡಮಾನ ಕಣೋ. ಇನ್ನೊಂದು, ಮಗುವಿನ ಸುಪರ್ದಿ. ಇಷ್ಟೂ ಗೊತ್ತಿಲ್ವಾ?" ಅಂದರು. ಆಮೇಲೆ ಒಂದು ತಿಂಗಳು ದಿನಾ ಸಂಜೆ ಅವರೇ ವಕೀಲರು, ಡಾಕ್ಟರು, ಬ್ಯಾಂಕ್ ಮ್ಯಾನೇಜರು. ಪರೀಕ್ಷೆ ಆನ್‌ಲೈನ್ ಆಗಿದ್ದರಿಂದ ಮನೆಯಿಂದಲೇ ಬರೆದೆ. ಬರೆದೆ ಅಂದರೆ, ಮಾತಾಡಿದೆ.

2022ರಲ್ಲಿ ದಕ್ಷಿಣ ಆಸ್ಟ್ರೇಲಿಯಾ ಹೊರದೇಶದವರಿಗೂ ಬಾಗಿಲು ತೆರೆಯಿತು. ಅಷ್ಟರಲ್ಲಿ ನನ್ನ ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯ ಅಂಕಕ್ಕೆ ಮೂರು ವರ್ಷ ದಾಟಿ ಅದು ನಡೆಯದಾಗಿತ್ತು. ಓಡಿಹೋಗಿ ಮತ್ತೆ ಬರೆದೆ. ಕರೆ ಬಂದ ಮೇಲೆ ಅರ್ಜಿಗೆ 60 ದಿನ ಮಾತ್ರ. ಹಳೆಯ ಕಂಪನಿಯೊಂದು ಅನುಭವ ಪತ್ರ ಕೊಡಲು ನಲವತ್ತು ದಿನ ಆಟ ಆಡಿಸಿತು. ಆ ಪತ್ರವನ್ನು ಕರೆ ಬರುವ ಮೊದಲೇ ತರಿಸಿಟ್ಟುಕೊಳ್ಳಿ.

ಈಗ ದಕ್ಷಿಣ ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿದ್ದೇನೆ. ರಾಜ್ಯಗಳ ಕೋಟಾ ಪ್ರತಿ ಜುಲೈನಿಂದ ಹೊಸದು. 2024-25ಕ್ಕೆ ಈ ರಾಜ್ಯಕ್ಕೆ ಸಿಕ್ಕಿದ್ದು ನೇರವಾಗಿ ಪಿಆರ್, ಅಂದರೆ ಕಾಯಂ ವಾಸದ ಹಕ್ಕು, ಕೊಡುವ 190 ವೀಸಾಗೆ 3,000, 491ಕ್ಕೆ ಬರೀ 800. ಹಾಗಾಗಿ ನನ್ನ ವರ್ಷದ ನಿಯಮ ನೋಡಿ ನೀವು ಲೆಕ್ಕ ಹಾಕಬೇಡಿ. ಗೆಳೆಯನೊಬ್ಬ 190ಏ ಬೇಕು, ನೇರ ಪಿಆರ್ ಅಂತ ಕೂತಿದ್ದಾನೆ. ಬರುವ ಮಾರ್ಚಿಗೆ ಅವನಿಗೂ 33. ಅಪ್ಪ ಬರೆದುಕೊಟ್ಟ ಪದಗಳ ಹಾಳೆಯ ಫೋಟೋ ಕಳಿಸಿದ್ದೇನೆ.